ಹಾಲಿನ ಪ್ಯಾಕೆಟ್, ಚಿಪ್ಸ್ ಪ್ಯಾಕೆಟ್: ಎತ್ತರಕ್ಕೆ ಹೋದಾಗ ಕಣ್ಣೊಳಗೆ ಏನಾಗುತ್ತದೆ?

(ಲಡಾಖ್ ಪ್ರವಾಸಕ್ಕೆ ಹೊರಟಿದ್ದ ಒಂದು ತಂಡದ ಮುಂದೆ ಮಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ಲೇಹ್‌ಗೆ ಹೊರಟಿದ್ದೀರಿ. ತಂಡದಲ್ಲಿ ಅರವತ್ತು ದಾಟಿದವರೇ ಜಾಸ್ತಿ ಇದ್ದೀರಿ. ಆಗಲೇ ಕಾಫಿ ಕುಡಿಯುವಾಗ ಮೂವರು ನನ್ನ ಹತ್ತಿರ ಬಂದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. "ಡಾಕ್ಟ್ರೇ, ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿ ಒತ್ತಡ ಕಡಿಮೆ ಅಲ್ವಾ? ಹಾಗಾದ್ರೆ ಕಣ್ಣೊಳಗಿನ ಪ್ರೆಶರ್ ಜಾಸ್ತಿಯಾಗಿ ಕಣ್ಣಿಗೆ ಏನಾದ್ರೂ ಆಗ್ತದಾ?"

ಒಳ್ಳೆಯ ಪ್ರಶ್ನೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಲೇಹ್‌ನ ಅಂಗಡಿಗಳ ಮುಂದೆ ನಡೆಯುವಾಗ ಸ್ವಲ್ಪ ನಿಂತು ನೋಡಿ. ಸಾಲಾಗಿ ನೇತು ಹಾಕಿದ ಚಿಪ್ಸ್ ಪ್ಯಾಕೆಟ್‌ಗಳು ಬಲೂನಿನಂತೆ ಉಬ್ಬಿರುತ್ತವೆ. ಬೆರಳಿಂದ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಕೆಳಗಿನ ಊರಿನ ಫ್ಯಾಕ್ಟರಿಯಲ್ಲಿ ಒಳಗೆ ತುಂಬಿದ ಗಾಳಿ ಈಗ ಹೊರಗಿನ ತೆಳು ಗಾಳಿಯಲ್ಲಿ ಹಿಗ್ಗಲು ನೋಡುತ್ತಿರುತ್ತದೆ. ಅದಕ್ಕೇ ಆ ಉಬ್ಬು.

ಈಗ ಮನಸ್ಸಿನಲ್ಲೇ ಒಂದು ಪ್ರಯೋಗ ಮಾಡೋಣ. ಇಲ್ಲಿಂದ ಒಂದು ನಂದಿನಿ ಹಾಲಿನ ಪ್ಯಾಕೆಟ್ಟನ್ನೂ ಜೊತೆಗೆ ತೆಗೆದುಕೊಂಡು ಹೋದಿರಿ ಅಂದುಕೊಳ್ಳಿ. ಲೇಹ್‌ನಲ್ಲಿ ಚೀಲದಿಂದ ತೆಗೆದರೆ ಅದು ಹೇಗಿರುತ್ತದೆ? ಮಂಗಳೂರಿನಲ್ಲಿ ಇದ್ದ ಹಾಗೇ ಇರುತ್ತದೆ. ಹಾಲು ದ್ರವ. ಹೊರಗಿನ ಒತ್ತಡ ಇಳಿಯಿತು ಅಂತ ದ್ರವ ಉಬ್ಬುವುದಿಲ್ಲ. ಮೂಲೆಯಲ್ಲಿ ಒಂದು ಚೂರು ಗಾಳಿ ಸೇರಿಕೊಂಡಿದ್ದರೆ ಆ ಗಾಳಿ ಮಾತ್ರ ಉಬ್ಬುತ್ತದೆ.

ನಿಮ್ಮ ಕಣ್ಣು ಹಾಲಿನ ಪ್ಯಾಕೆಟ್. ಒಳಗಿರುವುದೆಲ್ಲ ನೀರು, ನೀರಿನಂಥ ಜೆಲ್ಲಿ, ರಕ್ತ. ಗಾಳಿ ಇಲ್ಲವೇ ಇಲ್ಲ. ಹಾಗಾಗಿ ಬೆಟ್ಟ ಹತ್ತಿದರೆ ಆರೋಗ್ಯವಂತ ಕಣ್ಣು ಉಬ್ಬುವುದೂ ಇಲ್ಲ, ಒಡೆಯುವುದೂ ಇಲ್ಲ. ಆದರೆ ಕೆಲವರ ಕಣ್ಣು ಕೆಲವು ವಾರಗಳ ಮಟ್ಟಿಗೆ ಚಿಪ್ಸ್ ಪ್ಯಾಕೆಟ್ ಆಗಿರುತ್ತದೆ. ಅವರ ವಿಷಯ ಬೇರೆ. ಅವರಿಗೆ ಲಡಾಖ್ ತನಕ ಹೋಗುವುದೇ ಬೇಡ, ನಮ್ಮ ಸಂಪಾಜೆ ಘಾಟಿಯೇ ಸಾಕು ಕಣ್ಣು ಕಳೆದುಕೊಳ್ಳಲು. ಅದಕ್ಕೆ ಆಮೇಲೆ ಬರುತ್ತೇನೆ. ನಾನು ಇಲ್ಲಿ ಬಂದು ನಿಂತಿರುವುದೇ ಅದನ್ನು ಹೇಳಲು.

ಮೊದಲು ಕಣ್ಣಿನ ಒತ್ತಡ ಅಂದರೆ ಏನು ಅಂತ ನೋಡೋಣ.

ಕಣ್ಣಿನ ಮುಂಭಾಗದಲ್ಲಿ, ಬಣ್ಣದ ಪರದೆಯ ಹಿಂದೆ ಒಂದು ಸಣ್ಣ ಅಂಗ ಇದೆ. ಅದು ಸದಾ ಒಂದು ತಿಳಿನೀರನ್ನು ಸ್ರವಿಸುತ್ತಿರುತ್ತದೆ. ಅಳುವಾಗ ಬರುವ ಕಣ್ಣೀರು ಬೇರೆ, ಇದು ಬೇರೆ. ಇದು ಒಳಗಿನ ನೀರು. ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್. ಒಂದು ಹನಿ ಡ್ರಾಪ್ಸ್ ಅಂದರೆ ಸುಮಾರು 50 ಮೈಕ್ರೋಲೀಟರ್. ಅಂದರೆ ಒಂದು ಹನಿ ತುಂಬಲು ಇಪ್ಪತ್ತು ನಿಮಿಷ ಬೇಕು. ಬಂದ ನೀರು ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಜಾಗದ ಮೂಲಕ ಸೋಸಿ ಹೋಗಿ ರಕ್ತನಾಳ ಸೇರುತ್ತದೆ. ನಲ್ಲಿಯಲ್ಲಿ ಬರುವಷ್ಟೇ ಮೋರಿಯಲ್ಲಿ ಹೋಗಬೇಕು. ಮೋರಿ ಕಟ್ಟಿದರೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಕಣ್ಣಿನ ನರ ಸೊರಗುತ್ತಾ ಬಂದರೆ ಅದಕ್ಕೆ ಗ್ಲಾಕೋಮಾ ಅನ್ನುತ್ತೇವೆ.

ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಈ ಸಂಖ್ಯೆಯ ಬಗ್ಗೆ ಒಂದು ಮುಖ್ಯ ಮಾತಿದೆ. ಪಂಕ್ಚರ್ ಅಂಗಡಿಯವನು ಟಯರಿಗೆ ಗೇಜ್ ಹಿಡಿದು "ಮೂವತ್ತೆರಡು" ಅನ್ನುತ್ತಾನಲ್ವಾ? ಅದು ಟಯರಿನ ಒಳಗಿನ ಪೂರ್ತಿ ಒತ್ತಡ ಅಲ್ಲ. ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಕಣ್ಣಿನ ಒತ್ತಡವೂ ಹಾಗೇ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 760. ನಿಮ್ಮ ಕಣ್ಣಿನ ಒತ್ತಡ 15 ಅಂದರೆ, ಒಳಗೆ ನಿಜವಾಗಿ ಇರುವುದು 775. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 490ರ ಆಸುಪಾಸು. ಅಲ್ಲಿ ಕಣ್ಣೊಳಗಿರುವುದು 505. ರಕ್ತದಲ್ಲೂ, ತಲೆಯೊಳಗೂ, ಇಡೀ ಮೈಯಲ್ಲೂ ಒತ್ತಡ ಒಟ್ಟಿಗೇ ಇಳಿದಿರುತ್ತದೆ. ನಡುವಿನ ವ್ಯತ್ಯಾಸ ಮಾತ್ರ ಅದೇ 15.

ಹಾಗಾದರೆ ಈ 15 ಎತ್ತರದಲ್ಲಿ ಚೂರೂ ಬದಲಾಗುವುದಿಲ್ಲವೇ? ಬದಲಾಗುತ್ತದೆ, ಸ್ವಲ್ಪ. ಪರ್ವತಾರೋಹಿಗಳ ಕಣ್ಣನ್ನು ಅಳೆದ ವೈದ್ಯರಲ್ಲಿ ಕೆಲವರಿಗೆ ಒತ್ತಡ ಒಂದೆರಡು ಮಿಲಿಮೀಟರ್ ಏರಿದ್ದು ಕಂಡಿದೆ, ಕೆಲವರಿಗೆ ಇಳಿದಿದ್ದು ಕಂಡಿದೆ. ಕೆಲವು ದಿನ ಅಲ್ಲೇ ಇದ್ದು ಮೈ ಒಗ್ಗಿದ ಮೇಲೆ, ಅಥವಾ ಕೆಳಗಿಳಿದ ಮೇಲೆ, ಮೊದಲಿನ ಮಟ್ಟಕ್ಕೆ ಬಂದಿದ್ದೇ ಹೆಚ್ಚು.

ಒಬ್ಬರಿಗೆ ಏರಿಕೆ, ಇನ್ನೊಬ್ಬರಿಗೆ ಇಳಿಕೆ ಕಂಡಿದ್ದು ಯಾಕೆ? ನನಗೆ ಇದು ತುಂಬಾ ಇಷ್ಟದ ವಿಷಯ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಂದೆ ವೈದ್ಯರು ಕಣ್ಣಿನ ಒತ್ತಡವನ್ನು ಬೆರಳಲ್ಲೇ ನೋಡುತ್ತಿದ್ದರು. ನಮಗೂ ಕಲಿಸಿದ್ದರು. ಈಗ ನೀವೇ ಮಾಡಿ ನೋಡಿ. ತುಟಿ ಒತ್ತಿ. ಆಮೇಲೆ ಮೂಗಿನ ತುದಿ. ಆಮೇಲೆ ಹಣೆ. ಮುಚ್ಚಿದ ರೆಪ್ಪೆಯ ಮೇಲಿಂದ ಮುಟ್ಟಿದಾಗ ತುಟಿಯಷ್ಟು ಮೆತ್ತಗಿದ್ದರೆ ಒತ್ತಡ ತೀರಾ ಕಡಿಮೆ. ಮೂಗಿನ ತುದಿಯಷ್ಟಿದ್ದರೆ ಸರಿ. ಹಣೆಯಷ್ಟು ಗಟ್ಟಿ ಇದ್ದರೆ ಅಪಾಯ. ಇವತ್ತಿಗೂ ಯಂತ್ರ ಇಲ್ಲದ ಕಡೆ ಈ ಬೆರಳ ಲೆಕ್ಕ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಕಣ್ಣನ್ನು ಜೋರಾಗಿ ಒತ್ತಲು ಮಾತ್ರ ಹೋಗಬೇಡಿ.

1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ ಒಂದು ಉಪಕರಣ ರೂಪಿಸಿದರು. ನಿಮ್ಮಲ್ಲಿ ಹಲವರು ಅದರ ಮುಂದೆ ಗಲ್ಲ ಇಟ್ಟು ಕೂತಿದ್ದೀರಿ. ಮರಗಟ್ಟಿಸುವ ಹನಿ ಹಾಕಿ, ಹಳದಿ ಬಣ್ಣ ಹಚ್ಚಿ, ನೀಲಿ ಬೆಳಕು ಬಿಟ್ಟು, ಒಂದು ಚಿಕ್ಕ ಗಾಜಿನಂಥ ತುದಿಯನ್ನು ಕಪ್ಪುಗುಡ್ಡೆಗೆ ತಾಗಿಸುತ್ತೇವೆ. ನಮಗೆ ಆ ಕಡೆಯಿಂದ ಎರಡು ಹಸಿರು ಅರ್ಧವೃತ್ತ ಕಾಣುತ್ತವೆ. ಅವುಗಳ ಒಳ ಅಂಚು ಒಂದಕ್ಕೊಂದು ಮುಟ್ಟುವ ತನಕ ಗುಂಡಿ ತಿರುಗಿಸುತ್ತೇವೆ. ಮುಟ್ಟಿತು ಅಂದರೆ 3.06 ಮಿಲಿಮೀಟರ್ ಅಗಲದ ಒಂದು ಬಿಲ್ಲೆಯಷ್ಟು ಜಾಗ ಚಪ್ಪಟೆಯಾಗಿದೆ ಅಂತ ಅರ್ಥ. ಅಷ್ಟು ಚಪ್ಪಟೆ ಮಾಡಲು ಬೇಕಾದ ಬಲವೇ ನಿಮ್ಮ ಒತ್ತಡದ ಲೆಕ್ಕ.

ಇಲ್ಲೇ ಇರುವುದು ತೊಡಕು. ಚಪ್ಪಟೆ ಮಾಡುತ್ತಿರುವುದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಗಾಜನ್ನು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದು ದಪ್ಪ ಇದ್ದವರಲ್ಲಿ ಒತ್ತಲು ಹೆಚ್ಚು ಬಲ ಬೇಕು. ಹಾಗಾಗಿ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎತ್ತರದಲ್ಲಿ ಏನಾಗುತ್ತದೆ ಗೊತ್ತಾ? ಕಾರ್ನಿಯಾ ಸ್ವಲ್ಪ ಊದಿಕೊಂಡು ದಪ್ಪ ಆಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಅದು ಆಮ್ಲಜನಕವನ್ನು ಹೆಚ್ಚಾಗಿ ನೇರ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಅದರ ಒಳಮೈಯಲ್ಲಿ ನೀರು ಹೊರಹಾಕುವ ಜೀವಕೋಶಗಳ ಒಂದು ಪದರ ಇದೆ. ಆಮ್ಲಜನಕ ಕಡಿಮೆಯಾದಾಗ ಅದಕ್ಕೆ ಸುಸ್ತು. ನೀರು ಉಳಿಯುತ್ತದೆ, ಕಾರ್ನಿಯಾ ಊದುತ್ತದೆ. ಆಗ ಯಂತ್ರದಲ್ಲಿ ಕಂಡ ಏರಿಕೆ ನಿಜವಾದ ಒತ್ತಡದ್ದೋ, ದಪ್ಪಗಾದ ಗಾಜಿನದ್ದೋ? ಬೇರೆ ಮಾಡಿ ಹೇಳುವುದು ಕಷ್ಟ.

ಇದರ ಮೇಲೆ ಇನ್ನೂ ಹಲವು ಗೊಂದಲಗಳಿವೆ. ಕಣ್ಣಿನ ಒತ್ತಡ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ನಡೆದು ದಣಿದಾಗ ಇಳಿಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ ಇಳಿಯುತ್ತದೆ. ಒಂದೇ ಸಲ ಒಂದು ಲೀಟರ್ ನೀರು ಕುಡಿದರೆ ಏರುತ್ತದೆ. ಬೆಟ್ಟ ಹತ್ತಿ ಬಂದವನು ದಣಿದಿರುತ್ತಾನೆ, ಬಾಯಾರಿರುತ್ತಾನೆ, ಚಳಿಯಲ್ಲಿರುತ್ತಾನೆ, ಜೋರಾಗಿ ಉಸಿರಾಡುತ್ತಿರುತ್ತಾನೆ. ಇಷ್ಟರ ನಡುವೆ ಎತ್ತರದ ಪಾಲು ಎಷ್ಟು ಅಂತ ಸೋಸಿ ತೆಗೆಯಬೇಕು. ಅದಕ್ಕೇ ಒಬ್ಬೊಬ್ಬರ ಅಳತೆ ಒಂದೊಂದು ರೀತಿ.

ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯವಂತ ಕಣ್ಣಿಗೆ ಈ ಒಂದೆರಡು ಮಿಲಿಮೀಟರ್ ಏನೂ ಅಲ್ಲ. ಎತ್ತರದಲ್ಲಿ ಕಣ್ಣನ್ನು ಕಾಡುವುದು ಆಮ್ಲಜನಕದ ಕೊರತೆ.

ಈ ಮಾತು ಹೊಸದಲ್ಲ. 1878ರಲ್ಲೇ ಫ್ರಾನ್ಸಿನ ಪಾಲ್ ಬೇರ್ ಇದನ್ನು ತೋರಿಸಿಕೊಟ್ಟಿದ್ದರು. ಬೆಟ್ಟದಲ್ಲಿ ಮನುಷ್ಯನಿಗೆ ತಲೆ ಸುತ್ತುವುದು, ವಾಂತಿ ಬರುವುದು ಗಾಳಿಯ ಒತ್ತಡ ಕಡಿಮೆಯಾಗಿ ಮೈ ಉಬ್ಬುವುದರಿಂದ ಅಲ್ಲ, ಉಸಿರಲ್ಲಿ ಸಿಗುವ ಆಮ್ಲಜನಕ ಕಡಿಮೆಯಾಗುವುದರಿಂದ ಅಂತ. ಕಣ್ಣಿನ ವಿಷಯದಲ್ಲಿ ಇದೇ ಮಾತು ಸಾಬೀತಾದ ಕಥೆ ಒಂದಿದೆ.

1996ರ ಮೇ ತಿಂಗಳು. ಎವರೆಸ್ಟ್. ಟೆಕ್ಸಸ್‌ನ ವೈದ್ಯ ಬೆಕ್ ವೆದರ್ಸ್ ಶಿಖರ ಏರಲು ಹೊರಟಿದ್ದರು. ಅವರು ಹಿಂದೆ ಕನ್ನಡಕ ಬಿಡುವುದಕ್ಕೋಸ್ಕರ ಕಾರ್ನಿಯಾದ ಆಪರೇಷನ್ ಮಾಡಿಸಿಕೊಂಡಿದ್ದರು. ಈಗಿನ ಲೇಸಿಕ್ ಅಲ್ಲ, ಅದಕ್ಕೂ ಹಿಂದಿನದು. ಕಾರ್ನಿಯಾದ ಮೇಲೆ ಬಂಡಿಚಕ್ರದ ಅರೆಕಾಲುಗಳ ಹಾಗೆ ಸುತ್ತಲೂ ಬ್ಲೇಡಿನಿಂದ ಗೀರು ಹಾಕುವ ಪದ್ಧತಿ. ಕೆಳಗಿನ ಊರಲ್ಲಿ ಅವರ ದೃಷ್ಟಿ ಚೆನ್ನಾಗಿಯೇ ಇತ್ತು. 8,000 ಮೀಟರ್ ದಾಟುವ ಹೊತ್ತಿಗೆ ಕಣ್ಣು ಮಂಜಾಯಿತು. ಮುಂದಿನ ಹೆಜ್ಜೆ ಕಾಣದಷ್ಟು. ಶಿಖರಕ್ಕೆ ಹೋಗದೆ ದಾರಿಯಲ್ಲೇ ಕಾದು ಕೂತರು. ಆಮೇಲೆ ಬಂದ ಬಿರುಗಾಳಿಯಲ್ಲಿ ಸತ್ತೇ ಹೋದರು ಅಂತ ಬಿಟ್ಟು ಬಂದಿದ್ದರು. ಅವರು ತಾವೇ ಎದ್ದು ನಡೆದುಕೊಂಡು ಶಿಬಿರಕ್ಕೆ ಬಂದರು. ಹಿಮದ ಹೊಡೆತಕ್ಕೆ ಕೈ, ಮೂಗು ಕಳೆದುಕೊಂಡರು, ಜೀವ ಉಳಿಯಿತು.

ಅವರ ಕಣ್ಣಿಗೆ ಏನಾಗಿತ್ತು? ಗೀರು ಹಾಕಿದ ಕಾರ್ನಿಯಾ ಗೀರಿನ ಜಾಗದಲ್ಲಿ ಊದಿಕೊಂಡು, ನಡುವೆ ಚಪ್ಪಟೆಯಾಗಿ, ಪವರ್ ಬದಲಾಗಿಬಿಟ್ಟಿತ್ತು. ಒತ್ತಡ ಕಡಿಮೆಯಾಗಿದ್ದಕ್ಕೋ, ಆಮ್ಲಜನಕ ಕಡಿಮೆಯಾಗಿದ್ದಕ್ಕೋ? ಅಮೆರಿಕದ ಥಾಮಸ್ ಮೇಡರ್ ಮತ್ತು ಜೊತೆಗಾರರು ಇದನ್ನು ಬಿಡಿಸಲು ಒಂದು ಚೆಂದದ ಉಪಾಯ ಮಾಡಿದರು. ಇಂಥ ಆಪರೇಷನ್ ಆದವರಿಗೆ ಗಾಳಿಯಾಡದ ಕನ್ನಡಕ ಹಾಕಿ, ಅದರೊಳಗೆ ಆಮ್ಲಜನಕ ಇಲ್ಲದ ಬರೀ ನೈಟ್ರೋಜನ್ ತುಂಬಿದರು. ಬೆಟ್ಟಕ್ಕೆ ಕರೆದುಕೊಂಡು ಹೋಗಲೇ ಇಲ್ಲ. ಒತ್ತಡ ಸಮುದ್ರ ಮಟ್ಟದ್ದೇ. ಆದರೂ ಕಣ್ಣಿನ ಪವರ್ ಬೆಟ್ಟದಲ್ಲಿ ಬದಲಾದ ಹಾಗೇ ಬದಲಾಯಿತು. ಅಲ್ಲಿಗೆ ಉತ್ತರ ಸಿಕ್ಕಿತು.

ಲೇಸಿಕ್ ಮಾಡಿಸಿಕೊಂಡವರು ಗಾಬರಿಯಾಗಬೇಡಿ. ಅದರಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗುವುದಿಲ್ಲ. ಆದರೆ 1980-90ರ ದಶಕದಲ್ಲಿ ಆ ಹಳೇ ಗೀರಿನ ಆಪರೇಷನ್ ಮಾಡಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನ್ನ ಹತ್ತಿರ ಬಂದು ಮಾತಾಡಿ ಹೋಗಿ. ನಿಮಗೆ ಬೇರೆ ಬೇರೆ ಪವರಿನ ಕನ್ನಡಕ ಜೊತೆಗೆ ಬೇಕಾಗುತ್ತದೆ.

ಈಗ ಚಿಪ್ಸ್ ಪ್ಯಾಕೆಟ್ಟಿಗೆ ಬರೋಣ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರಕ್ಕೆ ರೆಟಿನಾ ಅನ್ನುತ್ತೇವೆ. ಅದು ಕಳಚಿದಾಗ, ಅಥವಾ ಅದರ ನಡುವೆ ತೂತಾದಾಗ, ಒಳಗಿನ ಜೆಲ್ಲಿ ತೆಗೆದು ಆ ಜಾಗಕ್ಕೆ ಗ್ಯಾಸ್ ತುಂಬುತ್ತೇವೆ. ಗ್ಯಾಸಿನ ಗುಳ್ಳೆ ರೆಟಿನಾವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಅಷ್ಟರಲ್ಲಿ ಗಾಯ ಅಂಟಿಕೊಳ್ಳುತ್ತದೆ. ಎರಡು ಬಗೆಯ ಗ್ಯಾಸ್ ಹೆಚ್ಚು ಬಳಕೆಯಲ್ಲಿವೆ. ಒಂದು ಸುಮಾರು ಎರಡು ವಾರ ಉಳಿಯುತ್ತದೆ, ಇನ್ನೊಂದು ಆರರಿಂದ ಎಂಟು ವಾರ. ತಾನಾಗಿಯೇ ರಕ್ತಕ್ಕೆ ಸೇರಿ ಕರಗುತ್ತದೆ, ಆ ಜಾಗದಲ್ಲಿ ಕಣ್ಣಿನ ನೀರು ತುಂಬಿಕೊಳ್ಳುತ್ತದೆ. ಗ್ಯಾಸ್ ಇರುವವರಿಗೆ ಕಣ್ಣೊಳಗೆ ಒಂದು ಗೆರೆ ಕಾಣುತ್ತದೆ. ತಲೆ ಆಡಿಸಿದರೆ ಕೊಡದ ನೀರಿನ ಹಾಗೆ ಕುಲುಕುತ್ತದೆ. ದಿನ ಕಳೆದಂತೆ ಗೆರೆ ಕೆಳಕ್ಕೆ ಇಳಿಯುತ್ತಾ, ಕೊನೆಗೆ ತಳದಲ್ಲಿ ಒಂದು ಗೋಲಿಯಂತೆ ಉಳಿದು ಮಾಯವಾಗುತ್ತದೆ.

ಸುಮಾರು 15 ವರ್ಷದ ಹಿಂದೆ ನಾನೇ ಒಬ್ಬರಿಗೆ ಈ ಆಪರೇಷನ್ ಮಾಡಿದ್ದೆ. ಮಡಿಕೇರಿ ಕಡೆಯವರು, ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಐದನೇ ದಿನ ಮನೆಗೆ ಕಳಿಸುವಾಗ "ವಿಮಾನ ಹತ್ತಬೇಡಿ" ಅಂತ ಹೇಳಿದ್ದೆ. ಅವರು ನಕ್ಕು "ನಾನ್ಯಾಕೆ ವಿಮಾನ ಹತ್ತಲಿ ಡಾಕ್ಟ್ರೇ, ಬಸ್ಸಲ್ಲಿ ಹೋಗ್ತೇನೆ" ಅಂದರು. ನಾನೂ ತಲೆ ಆಡಿಸಿ ಕಳಿಸಿದೆ. ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ನಾನು ಯೋಚಿಸಲಿಲ್ಲ.

ಸಂಜೆ ಫೋನ್ ಬಂತು. "ಡಾಕ್ಟ್ರೇ, ಕಣ್ಣು ಸಿಡಿಯುವ ಹಾಗೆ ನೋಯ್ತಾ ಉಂಟು. ವಾಂತಿ ಬರ್ತಾ ಉಂಟು. ಆ ಕಣ್ಣಲ್ಲಿ ಬೆಳಕೂ ಸರಿ ಗೊತ್ತಾಗ್ತಾ ಇಲ್ಲ."

ಎಲ್ಲಿದ್ದೀರಿ ಅಂತ ಕೇಳಿದೆ. ಮಡಿಕೇರಿ ಬಸ್‌ಸ್ಟ್ಯಾಂಡ್.

ಆಗ ನನಗೆ ಹೊಳೆಯಿತು. ಲೆಕ್ಕ ನೀವೇ ನೋಡಿ. ಮಂಗಳೂರಿನಲ್ಲಿ ಗಾಳಿಯ ಒತ್ತಡ 760. ಮಡಿಕೇರಿ ಸುಮಾರು 1,170 ಮೀಟರ್ ಎತ್ತರ, ಅಲ್ಲಿ 660ರ ಹತ್ತಿರ. ಕಣ್ಣೊಳಗೆ 2 ಮಿಲಿಲೀಟರ್ ಗ್ಯಾಸ್ ಇತ್ತು ಅಂದುಕೊಳ್ಳಿ. ಅಲ್ಲಿಗೆ ಹೋದಾಗ ಅದು 2.3 ಆಗಲು ನೋಡುತ್ತದೆ. 0.3 ಮಿಲಿಲೀಟರ್ ಅಂದರೆ ಆರು ಹನಿ. ಅಷ್ಟೇನಾ ಅನ್ನಿಸಬಹುದು. ಆದರೆ ಕಣ್ಣಿನ ಬಿಳಿ ಗೋಡೆ ಬಲೂನಲ್ಲ, ಅದು ಹಿಗ್ಗುವುದಿಲ್ಲ. ಗ್ಯಾಸಿಗೆ ಜಾಗ ಕೊಡಲು ಆರು ಹನಿ ನೀರು ಹೊರಗೆ ಹೋಗಬೇಕು. ಮಾಮೂಲಿ ವೇಗದಲ್ಲಿ ಒಂದು ಹನಿಗೆ ಇಪ್ಪತ್ತು ನಿಮಿಷ ಅಂತ ಆಗಲೇ ಹೇಳಿದೆ. ಆರು ಹನಿಗೆ ಎರಡು ಗಂಟೆ. ಸಂಪಾಜೆಯಿಂದ ಮಡಿಕೇರಿಗೆ ಬಸ್ಸು ಒಂದು ಗಂಟೆಯೊಳಗೆ ಏರುತ್ತದೆ. ಒತ್ತಡ ಏರಿದಾಗ ಮೋರಿ ಸ್ವಲ್ಪ ಜೋರಾಗಿ ಹರಿಯುತ್ತದೆ ನಿಜ. ಆದರೂ ಸಾಲುವುದಿಲ್ಲ. ಕಣ್ಣು ಹಣೆಯಷ್ಟು ಗಟ್ಟಿಯಾಗುತ್ತದೆ. ಒಳಗಿನ ಒತ್ತಡ ರೆಟಿನಾಕ್ಕೆ ರಕ್ತ ತರುವ ನಾಳದ ಒತ್ತಡವನ್ನೂ ಮೀರಿದರೆ ರಕ್ತವೇ ನಿಲ್ಲುತ್ತದೆ. ರಕ್ತ ಇಲ್ಲದೆ ರೆಟಿನಾ ತಡೆದುಕೊಳ್ಳುವುದು ಒಂದೂವರೆ ಗಂಟೆಯ ಆಸುಪಾಸು ಮಾತ್ರ.

"ಈ ಕ್ಷಣವೇ ಕೆಳಗಿಳಿಯಿರಿ" ಅಂದೆ. ಅವರ ಮಗ ಯಾರದೋ ಜೀಪು ಹಿಡಿದು ಹೊರಟ. ನಾನು ಫೋನ್ ಹಿಡಿದೇ ಕೂತಿದ್ದೆ. ಸಂಪಾಜೆ ಗೇಟಿನ ಹತ್ತಿರ "ನೋವು ಸ್ವಲ್ಪ ಸಡಿಲಾಯ್ತು" ಅಂದರು. ಸುಳ್ಯದಲ್ಲಿ "ಬೆಳಕು ಗೊತ್ತಾಗ್ತಾ ಉಂಟು" ಅಂದರು. ರಾತ್ರಿ ಮಂಗಳೂರು ತಲುಪಿದಾಗ ಒತ್ತಡ ಅಳೆದೆ. 7. ಸಾಮಾನ್ಯಕ್ಕಿಂತ ಕೆಳಗೆ. ಯಾಕೆಂದರೆ ಮೇಲೆ ಇದ್ದಾಗ ಗುಳ್ಳೆ ಕಣ್ಣಿನ ನೀರನ್ನು ಹೊರಗೆ ತಳ್ಳಿತ್ತು. ಕೆಳಗೆ ಬಂದ ಮೇಲೆ ಗುಳ್ಳೆ ಕುಗ್ಗಿತು, ಹೋದ ನೀರು ಇನ್ನೂ ತುಂಬಿರಲಿಲ್ಲ. ಮುಂದಿನ ಆರು ವಾರ ಅವರು ಪುತ್ತೂರಿನಲ್ಲಿ ತಂಗಿಯ ಮನೆಯಲ್ಲಿ ಉಳಿದರು. ಗೆರೆ ಪೂರ್ತಿ ಇಳಿದ ಮೇಲೆಯೇ ಮನೆಗೆ ಹೋದರು. ಕಣ್ಣು ಉಳಿಯಿತು. ಆ ರಾತ್ರಿ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಗ್ಯಾಸ್ ಹಾಕುವ ಮೊದಲೇ "ನಿಮ್ಮ ಊರು ಯಾವುದು? ಘಾಟಿ ಹತ್ತಬೇಕಾ?" ಅಂತ ಕೇಳುತ್ತೇನೆ.

ನಮ್ಮ ಕರಾವಳಿಯ ಊರುಗಳಿಗೆ ಈ ಪ್ರಶ್ನೆ ತುಂಬಾ ಮುಖ್ಯ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಡೆಯ ಎಷ್ಟೋ ಜನ ಆಪರೇಷನ್‌ಗೆ ಕೆಳಗಿಳಿದು ಬರುತ್ತಾರೆ. ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆ, ಯಾವ ಕಡೆಯಿಂದ ವಾಪಸ್ ಹೋದರೂ ಏರಲೇಬೇಕು. ಬೆಂಗಳೂರಿನಲ್ಲಿ ಆಪರೇಷನ್ ಆಗಿ ವಾರಾಂತ್ಯಕ್ಕೆ ಊಟಿಗೆ ಹೊರಟರೂ ಅದೇ ಕಥೆ. ಬೆಂಗಳೂರು ಸುಮಾರು 920 ಮೀಟರ್, ಊಟಿ 2,240. ವಿಮಾನದ ಬಗ್ಗೆ ಹೇಳುವುದಾದರೆ, ಒಳಗೆ ಗಾಳಿ ತುಂಬಿರುತ್ತಾರೆ ನಿಜ, ಆದರೆ ಸಮುದ್ರ ಮಟ್ಟದಷ್ಟು ಅಲ್ಲ. ಕ್ಯಾಬಿನ್ ಒಳಗಿನ ಗಾಳಿ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಬಹುದು. 2 ಮಿಲಿಲೀಟರ್ ಗ್ಯಾಸ್ ಅಲ್ಲಿ 2.7ರ ತನಕ ಹೋಗಲು ನೋಡುತ್ತದೆ. ಅದೂ ಅರ್ಧ ಗಂಟೆಯೊಳಗೆ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಓದಿದಾಗ ನನಗೇ ಆಶ್ಚರ್ಯವಾಗಿತ್ತು. ಒತ್ತಡ ಇಳಿದಾಗ ಗ್ಯಾಸ್ ಹಿಗ್ಗುತ್ತದೆ ಅನ್ನುವ ನಿಯಮ ರಾಬರ್ಟ್ ಬಾಯ್ಲ್ ಅವರದ್ದು, ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಬಾಯ್ಲ್ 1670ರಲ್ಲಿ ಒಂದು ಮಂಡಲದ ಹಾವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಪಂಪಿನಿಂದ ಗಾಳಿ ಹೊರಗೆಳೆದು ನೋಡಿದ್ದರು. ಹಾವಿನ ಕಣ್ಣಿನ ನೀರಿನೊಳಗೆ ಒಂದು ಗುಳ್ಳೆ ಆಚೀಚೆ ಓಡಾಡಿದ್ದನ್ನು ಬರೆದಿಟ್ಟಿದ್ದಾರೆ. ಒತ್ತಡ ತೀರಾ ಇಳಿದಾಗ ರಕ್ತದಲ್ಲಿ, ನೀರಿನಲ್ಲಿ ಕರಗಿರುವ ಗ್ಯಾಸೂ ಹೊರಬಂದು ಗುಳ್ಳೆಯಾಗುತ್ತದೆ. ಕಣ್ಣೊಳಗಿನ ಗುಳ್ಳೆಯ ಕಥೆ ಅಷ್ಟು ಹಳೆಯದು. ನೀವು ಹೋಗುವ ಯಾವ ಕಣಿವೆಯಲ್ಲೂ ಒತ್ತಡ ಅಷ್ಟು ಇಳಿಯುವುದಿಲ್ಲ, ಹೆದರಬೇಡಿ.

ಹಾಗಾಗಿ ನಿಮಗೆ, ನಿಮ್ಮ ಮನೆಯವರಿಗೆ, ಪಕ್ಕದ ಮನೆಯವರಿಗೆ ರೆಟಿನಾ ಆಪರೇಷನ್ ಆದರೆ ಒಂದೇ ಪ್ರಶ್ನೆ ಕೇಳಿ: "ಗ್ಯಾಸ್ ಹಾಕಿದ್ದೀರಾ, ಎಣ್ಣೆ ಹಾಕಿದ್ದೀರಾ?" ಸಿಲಿಕಾನ್ ಎಣ್ಣೆ ಹಾಕಿದ್ದರೆ ಅದು ದ್ರವ, ಹಾಲಿನ ಪ್ಯಾಕೆಟ್. ಎತ್ತರಕ್ಕೆ ಹೋಗಿ ಅದು ಹಿಗ್ಗುವುದಿಲ್ಲ. ಗ್ಯಾಸ್ ಆದರೆ ಗುಳ್ಳೆ ಪೂರ್ತಿ ಹೋಗಿದೆ ಅಂತ ವೈದ್ಯರು ಹೇಳುವ ತನಕ ವಿಮಾನವೂ ಬೇಡ, ಘಾಟಿಯೂ ಬೇಡ. ಕೈಗೆ ಒಂದು ಪಟ್ಟಿ ಕಟ್ಟಿ ಕಳಿಸುತ್ತಾರೆ. ದಯವಿಟ್ಟು ಅದನ್ನು ಬಿಚ್ಚಬೇಡಿ. ಆ ಸಮಯದಲ್ಲಿ ಬೇರೆ ಯಾವುದೇ ಆಪರೇಷನ್ ಅಥವಾ ಹಲ್ಲಿನ ಚಿಕಿತ್ಸೆ ಬಂದರೂ ಅರಿವಳಿಕೆ ಕೊಡುವವರಿಗೆ ಆ ಪಟ್ಟಿ ತೋರಿಸಿ. ನೈಟ್ರಸ್ ಆಕ್ಸೈಡ್ ಅನ್ನುವ ಅರಿವಳಿಕೆ ಗಾಳಿ ಕಣ್ಣಿನ ಗುಳ್ಳೆಯೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಕಾರ್ನಿಯಾದ ಪದರ ಕಸಿ ಮಾಡಿದಾಗಲೂ ಕೆಲವು ದಿನ ಕಣ್ಣಿನ ಮುಂಭಾಗದಲ್ಲಿ ಗಾಳಿ ಅಥವಾ ಗ್ಯಾಸಿನ ಗುಳ್ಳೆ ಇರುತ್ತದೆ. ಅವರಿಗೂ ಇದೇ ಮಾತು. ಮಾಮೂಲಿ ಪೊರೆ ಆಪರೇಷನ್ ಆಗಿ ಗಾಯ ಒಣಗಿದವರಿಗೆ ಈ ಭಯ ಇಲ್ಲ. ಒಳಗೆ ಹಾಕಿದ ಲೆನ್ಸ್ ಪ್ಲಾಸ್ಟಿಕ್, ಅದು ಹಿಗ್ಗುವುದಿಲ್ಲ.

ಗ್ಲಾಕೋಮಾ ಇರುವವರು ಕೈ ಎತ್ತಿ ನೋಡೋಣ. ನಾಲ್ಕು ಜನ. ಹೊರಡುವ ಮೊದಲು ಒಮ್ಮೆ ಒತ್ತಡ ಅಳೆಸಿಕೊಳ್ಳಿ. ಹತೋಟಿಯಲ್ಲಿದ್ದರೆ ಹೋಗಿ ಬನ್ನಿ. ಪ್ರವಾಸದಲ್ಲಿ ಗ್ಲಾಕೋಮಾದವರಿಗೆ ತೊಂದರೆ ಆಗುವುದು ಹೆಚ್ಚಾಗಿ ಡ್ರಾಪ್ಸ್ ಹಾಕಿಕೊಳ್ಳುವುದು ಮರೆತು.

ನಿಮ್ಮ ತಂಡದವರು ಎತ್ತರದ ಕಾಯಿಲೆ ತಡೆಯಲು ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವ ಮಾತಾಡುತ್ತಿದ್ದಿರಿ. ಅದು ಮೂಲದಲ್ಲಿ ನಮ್ಮ ಕಡೆಯ ಮಾತ್ರೆಯೂ ಹೌದು. 1954ರಲ್ಲಿ ಬರ್ನಾರ್ಡ್ ಬೆಕರ್ ಅದನ್ನು ಗ್ಲಾಕೋಮಾಗೆ ಕೊಟ್ಟು ನೋಡಿದರು. ಕಣ್ಣೊಳಗೆ ನೀರು ಸ್ರವಿಸಲು ಒಂದು ಕಿಣ್ವ ಬೇಕು. ಈ ಮಾತ್ರೆ ಅದನ್ನು ತಡೆಯುತ್ತದೆ, ಅಂದರೆ ನಲ್ಲಿ ಸಣ್ಣದು ಮಾಡುತ್ತದೆ. ಅದೇ ಕಿಣ್ವವನ್ನು ಮೂತ್ರಪಿಂಡದಲ್ಲಿ ತಡೆದಾಗ ರಕ್ತ ಸ್ವಲ್ಪ ಆಮ್ಲೀಯವಾಗಿ, ಉಸಿರಾಟ ಆಳವಾಗಿ, ಆಮ್ಲಜನಕ ಚೆನ್ನಾಗಿ ಸಿಗುತ್ತದೆ. ಬೆಟ್ಟಕ್ಕೂ ಕಣ್ಣಿಗೂ ಒಂದೇ ಮಾತ್ರೆ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇ ಪದೇ ಓಡಬೇಕಾಗುತ್ತದೆ. ಸಲ್ಫಾ ಔಷಧಿ ಆಗದವರು, ಕಿಡ್ನಿ ತೊಂದರೆ ಇರುವವರು, ಗ್ಲಾಕೋಮಾಗೆ ಈಗಾಗಲೇ ಇದನ್ನೇ ತೆಗೆದುಕೊಳ್ಳುತ್ತಿರುವವರು ಕೇಳದೆ ಸುಮ್ನೆ ನುಂಗಬೇಡಿ.

ರೆಟಿನಾದ ಬಗ್ಗೆ ಎರಡು ಮಾತು. ಮೈಯಲ್ಲಿ ಅತಿ ಹೆಚ್ಚು ಆಮ್ಲಜನಕ ಬೇಡುವ ಭಾಗಗಳಲ್ಲಿ ಅದೂ ಒಂದು. ಕತ್ತಲಲ್ಲಿ ನೋಡುವ ಶಕ್ತಿ ಮೊದಲು ಕುಂದುತ್ತದೆ. ರಾತ್ರಿ ಹಾರುವ ಪೈಲಟ್‌ಗಳಿಗೆ 5,000 ಅಡಿಯಿಂದಲೇ ಆಮ್ಲಜನಕ ಬಳಸಿ ಅಂತ ಸಲಹೆ ಕೊಡುವುದು ಅದಕ್ಕೇ. ಇನ್ನೂ ಮೇಲೆ, 5,000 ಮೀಟರಿನ ಆಚೆ, ರೆಟಿನಾದ ರಕ್ತನಾಳಗಳು ಉಬ್ಬಿ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ರಕ್ತ ಸೋರಬಹುದು. ಈ ಬಗ್ಗೆ ಮೊದಲ ತಿಳಿವಳಿಕೆ ಬಂದಿದ್ದರಲ್ಲಿ ನಮ್ಮ ಸೈನಿಕರ ಪಾಲು ದೊಡ್ಡದು. ಹಿಮಾಲಯದ ಗಡಿಗೆ ಅವಸರದಲ್ಲಿ ಏರಿಸಿದ 1,925 ಯೋಧರ ಸಂಕಟವನ್ನು ಇಂದರ್ ಸಿಂಗ್ ಮತ್ತು ಜೊತೆಗಾರರು 1969ರಲ್ಲಿ ದಾಖಲಿಸಿದರು. ಕೆಲವರ ಕಣ್ಣಿನ ನರದ ತುದಿ ಊದಿಕೊಂಡಿದ್ದನ್ನೂ ಬರೆದರು. ನೀವು ಖರ್ದುಂಗ್ ಲಾಕ್ಕೆ ಹೋಗುತ್ತೀರಲ್ವಾ? ಅದು 5,359 ಮೀಟರ್. ಫೋಟೋ ತೆಗೆಸಿಕೊಂಡು ಬೇಗ ಇಳಿಯಿರಿ. ಇದ್ದಕ್ಕಿದ್ದಂತೆ ನೋಟದ ನಡುವೆ ಕಪ್ಪು ಮಚ್ಚೆ ಕಂಡರೆ ಕೆಳಗಿಳಿದು ಕಣ್ಣಿನ ವೈದ್ಯರನ್ನು ನೋಡಿ.

ಬಿಸಿಲಿಗೆ ಒಳ್ಳೆಯ ಕಪ್ಪು ಕನ್ನಡಕ ತೆಗೆದುಕೊಳ್ಳಿ, ಪಕ್ಕದಿಂದಲೂ ಬೆಳಕು ಬಾರದಂಥದ್ದು. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇಕಡಾ 10ರಷ್ಟು ಜಾಸ್ತಿ. ಹಿಮದಿಂದ ಪುಟಿದು ಕೆಳಗಿನಿಂದಲೂ ಬರುತ್ತದೆ.

ಕೊನೆಗೆ, ಮುಂದಿನ ಸಾಲಿನ ಅಮ್ಮ ಒಂದು ಚೀಟಿ ಕಳಿಸಿದ್ದಾರೆ. "ಹೋದ ವರ್ಷ ಮಗನ ಜೊತೆ ಲೇಹ್‌ಗೆ ಹೋಗಿದ್ದೆ. ಗ್ಲಾಕೋಮಾ ಡ್ರಾಪ್ಸ್ ಮುಚ್ಚಳ ತೆಗೆದ ಕೂಡಲೇ ನಾಲ್ಕೈದು ಹನಿ ತಾನೇ ಹಾರಿ ಸೀರೆ ಮೇಲೆ ಬಿತ್ತು. ಔಷಧಿ ಕೆಟ್ಟಿತ್ತಾ?"

ಇಲ್ಲಮ್ಮ, ಔಷಧಿ ಚೆನ್ನಾಗಿತ್ತು. ಬಾಟಲಿ ಅರ್ಧ ಖಾಲಿಯಾಗಿತ್ತು, ಅರ್ಧದಲ್ಲಿ ಮಂಗಳೂರಿನ ಗಾಳಿ ಇತ್ತು. ಈ ಸಲ ಲೇಹ್‌ನಲ್ಲಿ ಮೊದಲ ಸಲ ತೆರೆಯುವಾಗ ಮೂತಿ ಮೇಲೆ ಮಾಡಿ ಹಿಡಿದು, ನಿಧಾನವಾಗಿ ಮುಚ್ಚಳ ತಿರುಗಿಸಿ. ಗಾಳಿ ಹೊರಗೆ ಹೋಗಲಿ. ಆಮೇಲೆ ತಿರುಗಿಸಿ ಕಣ್ಣಿಗೆ ಹಾಕಿಕೊಳ್ಳಿ. ರಾತ್ರಿ ಚಳಿಗೆ ಔಷಧಿ ಹೆಪ್ಪುಗಟ್ಟದ ಹಾಗೆ ಸ್ವೆಟರಿನ ಒಳಜೇಬಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಬಾಟಲಿ ಜೊತೆಗಿರಲಿ, ಅದನ್ನು ಮಗನ ಬ್ಯಾಗಿನಲ್ಲಿ ಹಾಕಿ.